ಹಾರ್ಮೋನು ಹೇಳಿದ ಹಾಗೆ ಮಿದುಳು ಕುಣಿಯುತ್ತಾ?

ಗಂಡಾನೆಗೆ ಮದ ಬಂದರೆ ಮಾವುತ ಮೊದಲು ನೋಡುವುದು ಅದರ ಕೆನ್ನೆಯನ್ನು. ಕಣ್ಣಿಗೂ ಕಿವಿಗೂ ನಡುವೆ ಇರುವ ಗ್ರಂಥಿ ಊದಿಕೊಂಡಿರುತ್ತದೆ. ಅಲ್ಲಿಂದ ಕಟು ವಾಸನೆಯ ರಸ ಕೆನ್ನೆ ಮೇಲೆ ಇಳಿಯುತ್ತಿರುತ್ತದೆ. ಮೂತ್ರ ತೊಟ್ಟಿಕ್ಕುತ್ತಲೇ ಇರುತ್ತದೆ. ಮೇವಿನ ಮೇಲೆ ಅಷ್ಟು ಗಮನ ಇರುವುದಿಲ್ಲ. ನಿನ್ನೆವರೆಗೂ ಕಾಲೆತ್ತು ಅಂದರೆ ಎತ್ತುತ್ತಿದ್ದ ಆನೆ ಇವತ್ತು ಮಾತು ಕೇಳುವುದಿಲ್ಲ. ದುಬಾರೆ, ಸಕ್ರೆಬೈಲಿನಂಥ ಶಿಬಿರಗಳಲ್ಲಿ ಇಂಥ ಆನೆಯ ಹತ್ತಿರ ಹೊಸಬರನ್ನು ಬಿಡುವುದಿಲ್ಲ. ದಸರೆಗೆ ಆನೆ ಆರಿಸುವಾಗಲೂ ಮದ ಇದೆಯಾ ಅಂತ ನೋಡುತ್ತಾರೆ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಹೀಗೇ ನಡೆಯುತ್ತದೆ. ಆಮೇಲೆ ಮದ ಇಳಿಯುತ್ತದೆ. ಅದೇ ಆನೆ, ಅದೇ ಮಾವುತ, ಮತ್ತೆ ಮೊದಲಿನ ಹಾಗೆ.

ಈ ಹೊತ್ತಿನಲ್ಲಿ ಅದರ ರಕ್ತದಲ್ಲಿ ಏನಾಗಿರುತ್ತದೆ? ಶ್ರೀಲಂಕಾದ ಗಂಡಾನೆಗಳ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 1972ರಲ್ಲಿ ಪ್ರಕಟವಾಯಿತು. ಮದವಿಲ್ಲದಾಗ ಒಂದು ಮಿಲಿಲೀಟರ್ ರಕ್ತದಲ್ಲಿ, ವೃಷಣದಲ್ಲಿ ತಯಾರಾಗುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಇದ್ದದ್ದು ಒಂದು ನ್ಯಾನೊಗ್ರಾಂ ಆಸುಪಾಸು. ಮದ ಏರಿದಾಗ ಸುಮಾರು 30ರಿಂದ 65 ನ್ಯಾನೊಗ್ರಾಂ. ಒಂದು ನ್ಯಾನೊಗ್ರಾಂ ಅಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಮಾಣದ ಒಂದು ರಾಸಾಯನಿಕ, ಟನ್‌ಗಟ್ಟಲೆ ತೂಗುವ ಪ್ರಾಣಿಯ ನಡತೆಯನ್ನು ತಿರುಗಿಸಿಬಿಡುತ್ತದೆ.

ಇಲ್ಲಿಗೇ ಮುಗಿದಿದ್ದರೆ ಎಷ್ಟು ಸುಲಭ ಅಲ್ವಾ? ಹಾರ್ಮೋನು ಏರಿತು, ಪ್ರಾಣಿ ಕೆರಳಿತು. ನಾವು ಮನೆಯಲ್ಲೂ ಇದೇ ಲೆಕ್ಕ ಹಾಕುತ್ತೇವೆ. ಹೈಸ್ಕೂಲು ಮಗ ಬಾಗಿಲು ದಡಾರನೆ ಹಾಕಿದರೆ ಹಾರ್ಮೋನು. ಸೊಸೆ ಅತ್ತರೆ ಹಾರ್ಮೋನು. ಯಜಮಾನರು ರೇಗಿದರೆ ಮಾತ್ರ ಆಫೀಸಿನ ಟೆನ್ಷನ್.

ಆನೆಯ ವಿಷಯಕ್ಕೇ ಬರೋಣ. ದಕ್ಷಿಣ ಆಫ್ರಿಕಾದಲ್ಲಿ ಪಿಲಾನೆಸ್‌ಬರ್ಗ್ ಅಂತ ಒಂದು ಅಭಯಾರಣ್ಯ ಇದೆ. ಕ್ರೂಗರ್ ಉದ್ಯಾನದಲ್ಲಿ ಆನೆಗಳ ಸಂಖ್ಯೆ ಇಳಿಸಲು ದೊಡ್ಡ ಆನೆಗಳನ್ನು ಕೊಂದಾಗ ಅನಾಥವಾದ ಮರಿಗಳನ್ನು ಅಲ್ಲಿಗೆ ತಂದು ಬಿಟ್ಟಿದ್ದರು. ಹಿರಿಯರಿಲ್ಲದೆ ಬೆಳೆದ ಆ ಗಂಡುಮರಿಗಳಿಗೆ ಹದಿನೆಂಟರ ಆಸುಪಾಸಿನಲ್ಲೇ ಮದ ಬರತೊಡಗಿತು. ಸಾಮಾನ್ಯವಾಗಿ ಆಫ್ರಿಕಾದ ಆನೆಗೆ ಮದ ಬರುವುದು ಇಪ್ಪತ್ತೈದು, ಮೂವತ್ತರ ಹೊತ್ತಿಗೆ. ಬಂದ ಮದ ಬೇಗ ಇಳಿಯಲೂ ಇಲ್ಲ. 1992ರಿಂದ 1997ರ ನಡುವೆ ಈ ಪುಂಡಾನೆಗಳು ನಲವತ್ತಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳನ್ನು ತಿವಿದು ಕೊಂದವು.

ಅಧಿಕಾರಿಗಳು ಚುಚ್ಚುಮದ್ದು ಕೊಡಲಿಲ್ಲ. 1998ರಲ್ಲಿ ಕ್ರೂಗರ್‌ನಿಂದ ವಯಸ್ಸಾದ ಆರು ಗಂಡಾನೆಗಳನ್ನು ತಂದು ಬಿಟ್ಟರು, ಅಷ್ಟೇ. ದೊಡ್ಡವರು ಎದುರಿಗೆ ನಿಂತ ಮೇಲೆ ಹುಡುಗರ ಮದ ಇಳಿಯಿತು. ತಿಂಗಳುಗಟ್ಟಲೆ ಇರುತ್ತಿದ್ದದ್ದು ಕೆಲವೇ ದಿನಕ್ಕೆ ಬಂತು. ಘೇಂಡಾಮೃಗಗಳ ಸಾವು ನಿಂತಿತು.

ಅಂದರೆ ಹಾರ್ಮೋನು ನಡತೆಯನ್ನು ಬದಲಿಸುತ್ತದೆ, ನಿಜ. ಆದರೆ ಎದುರಿಗೆ ಯಾರಿದ್ದಾರೆ ಅನ್ನುವುದು ಹಾರ್ಮೋನನ್ನೂ ಬದಲಿಸುತ್ತದೆ. ಈ ಎರಡನೇ ಅರ್ಧವನ್ನು ನಾವು ಸುಮ್ನೆ ಬಿಟ್ಟುಬಿಡುತ್ತೇವೆ.

ಎಲ್ಲದಕ್ಕೂ ಮೂಲ ಕೊಲೆಸ್ಟ್ರಾಲ್

ಸ್ಟೀರಾಯ್ಡ್ ಅಂದ ತಕ್ಷಣ ಒಬ್ಬರಿಗೆ ಜಿಮ್ ನೆನಪಾಗುತ್ತದೆ. ಇನ್ನೊಬ್ಬರಿಗೆ ಉಬ್ಬಸದ ಇನ್ಹೇಲರ್. ಮತ್ತೊಬ್ಬರಿಗೆ ಕೋವಿಡ್ ವಾರ್ಡಿನ ಡೆಕ್ಸಾಮೆಥಸೋನ್. ಇವೆಲ್ಲ ಒಂದೇ ವಂಶದವು. ನಮ್ಮ ದೇಹವೇ ತಯಾರಿಸುವ ಟೆಸ್ಟೋಸ್ಟೆರಾನ್, ಈಸ್ಟ್ರೊಜೆನ್, ಪ್ರೊಜೆಸ್ಟರಾನ್, ಕಾರ್ಟಿಸಾಲ್ ಕೂಡ ಇದೇ ವಂಶ. ಎಲ್ಲವೂ ಹುಟ್ಟುವುದು ಕೊಲೆಸ್ಟ್ರಾಲ್‌ನಿಂದ. ಲ್ಯಾಬ್ ರಿಪೋರ್ಟಿನಲ್ಲಿ ನೋಡಿ ಹೆದರುತ್ತೇವಲ್ಲ, ಅದೇ ಕೊಲೆಸ್ಟ್ರಾಲ್. ವೃಷಣ, ಅಂಡಾಶಯ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ, ಇವು ಅದನ್ನು ಅಲ್ಲಿ ಸ್ವಲ್ಪ ಕತ್ತರಿಸಿ, ಇಲ್ಲಿ ಸ್ವಲ್ಪ ಜೋಡಿಸಿ ಬೇರೆ ಬೇರೆ ಹಾರ್ಮೋನು ಮಾಡುತ್ತವೆ. ಟೆಸ್ಟೋಸ್ಟೆರಾನ್‌ಗೂ ಈಸ್ಟ್ರೊಜೆನ್‌ಗೂ ನಡುವೆ ಇರುವುದು ಒಂದೇ ಒಂದು ಕಿಣ್ವದ ಕೆಲಸ. ಗಂಡಿನ ಹಾರ್ಮೋನು, ಹೆಣ್ಣಿನ ಹಾರ್ಮೋನು ಅಂತ ನಾವು ಎಷ್ಟೇ ಗೆರೆ ಎಳೆದರೂ ಎರಡೂ ಎಲ್ಲರ ಮೈಯಲ್ಲೂ ಇರುತ್ತವೆ, ಪ್ರಮಾಣ ಬೇರೆ ಅಷ್ಟೇ.

ಕೊಬ್ಬಿನ ಜಾತಿಯವಾದ್ದರಿಂದ ಇವಕ್ಕೆ ಒಂದು ಅನುಕೂಲ ಇದೆ. ಜೀವಕೋಶದ ಹೊರಪೊರೆಯೂ ಕೊಬ್ಬಿನದೇ. ಹಾಗಾಗಿ ಇವು ಪೊರೆಯೊಳಗೆ ಸಲೀಸಾಗಿ ನುಗ್ಗುತ್ತವೆ. ರಕ್ತದಲ್ಲಿರುವ ಎಷ್ಟೋ ವಸ್ತುಗಳನ್ನು ಮಿದುಳಿನ ರಕ್ತನಾಳಗಳು ಒಳಗೆ ಬಿಡುವುದಿಲ್ಲ. ಸ್ಟೀರಾಯ್ಡ್ ಹಾರ್ಮೋನುಗಳಿಗೆ ಅಂಥ ತಡೆ ಇಲ್ಲ. ಒಳಗೆ ಹೋದ ಮೇಲೆ ಅವು ನರಕೋಶದಲ್ಲಿರುವ ರಿಸೆಪ್ಟರ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಈ ಜೋಡಿ ನೇರವಾಗಿ ಡಿಎನ್ಎ ಮೇಲೆ ಕೂತು ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ಆರಿಸುತ್ತದೆ. ಹೊಸ ಪ್ರೋಟೀನು ತಯಾರಾಗಬೇಕು, ನರಕೋಶಗಳ ಕೊಂಡಿ ಬದಲಾಗಬೇಕು. ಅದಕ್ಕೆ ಗಂಟೆಗಳು, ದಿನಗಳು ಬೇಕು. ಇದಲ್ಲದೆ ಸೆಕೆಂಡುಗಳಲ್ಲಿ ಕೆಲಸ ಮಾಡುವ ಇನ್ನೊಂದು ದಾರಿಯೂ ಇದೆ. ಅದನ್ನು ಬಾಣಂತಿಯರ ವಿಷಯ ಬಂದಾಗ ನೋಡೋಣ.

ರಿಸೆಪ್ಟರ್ ಇಲ್ಲದ ಕಡೆ ಹಾರ್ಮೋನು ಎಷ್ಟಿದ್ದರೂ ಏನೂ ಮಾಡಲಾರದು. ಮಿದುಳಿನಲ್ಲಿ ರಿಸೆಪ್ಟರ್‌ಗಳು ಎಲ್ಲೆಡೆ ಸಮನಾಗಿ ಹರಡಿಲ್ಲ. ಹಸಿವು, ಕಾಮ, ನಿದ್ದೆ ನೋಡಿಕೊಳ್ಳುವ ಹೈಪೊಥಲಾಮಸ್, ಭಯ ಹುಟ್ಟುವ ಅಮಿಗ್ಡಲಾ, ನೆನಪು ಕಟ್ಟುವ ಹಿಪೊಕ್ಯಾಂಪಸ್, ಈ ಜಾಗಗಳಲ್ಲಿ ಅವು ಜಾಸ್ತಿ.

ಹಾರ್ಮೋನಿನ ಕೆಲಸ ಹೇಗೆ ಅಂದರೆ ಹದವಾದ ಮಳೆ ಬಿದ್ದ ಹಾಗೆ. ಮಳೆ ಬಂದ ಮಾತ್ರಕ್ಕೆ ರಾಗಿ ಹುಟ್ಟುವುದಿಲ್ಲ. ಬಿತ್ತಿದ್ದರೆ ರಾಗಿ, ಇಲ್ಲದಿದ್ದರೆ ಕಳೆ. ನೆಲದಲ್ಲಿ ಏನಿತ್ತೋ ಅದು ಮೇಲೆ ಬರುತ್ತದೆ. ಬಿತ್ತುವ ಕೆಲಸ ಬೇರೆ ಯಾರೋ, ಯಾವಾಗಲೋ ಮಾಡಿರುತ್ತಾರೆ.

ಹುಂಜ, ಬೆಕ್ಕು, ಗಿನಿಯಿಲಿ

ಹೋರಿಗೆ ಬೀಜ ಒಡೆಸಿದರೆ ಎತ್ತು ಸಾಧುವಾಗುತ್ತದೆ ಅಂತ ರೈತರಿಗೆ ಯಾವ ಕಾಲದಿಂದಲೋ ಗೊತ್ತು. ಯಾಕೆ ಅಂತ ಪ್ರಯೋಗ ಮಾಡಿ ನೋಡಿದವನು ಜರ್ಮನಿಯ ಗಟಿಂಗೆನ್‌ನ ಆರ್ನಾಲ್ಡ್ ಬರ್ಥೋಲ್ಡ್, 1849ರಲ್ಲಿ. ಆರು ಎಳೆ ಹುಂಜಗಳನ್ನು ತೆಗೆದುಕೊಂಡ. ವೃಷಣ ತೆಗೆದುಹಾಕಿದ ಹುಂಜಗಳು ಕೂಗಲಿಲ್ಲ, ಕಾದಾಡಲಿಲ್ಲ, ಹೇಂಟೆಗಳ ಕಡೆ ತಿರುಗಿ ನೋಡಲಿಲ್ಲ, ಜುಟ್ಟೂ ಸರಿಯಾಗಿ ಬೆಳೆಯಲಿಲ್ಲ. ಇನ್ನು ಕೆಲವಕ್ಕೆ ವೃಷಣವನ್ನು ಇದ್ದ ಜಾಗದಿಂದ ಬಿಡಿಸಿ ಹೊಟ್ಟೆಯೊಳಗೆ ಬೇರೆ ಕಡೆ ಇಟ್ಟ. ಅವು ಎಂದಿನಂತೆ ಕೂಗಿದವು, ಕಾದಾಡಿದವು. ಆಮೇಲೆ ಕೊಯ್ದು ನೋಡಿದರೆ ಆ ವೃಷಣಕ್ಕೆ ಹಳೆಯ ನರಗಳ ಸಂಬಂಧ ಇರಲಿಲ್ಲ, ಹೊಸ ರಕ್ತನಾಳ ಮಾತ್ರ ಬೆಳೆದಿತ್ತು. ಹಾಗಾದರೆ ಸುದ್ದಿ ಹೋಗುತ್ತಿರುವುದು ನರದ ಮೂಲಕ ಅಲ್ಲ, ರಕ್ತದ ಮೂಲಕ. ಹಾರ್ಮೋನು ಅನ್ನುವ ಹೆಸರು ಹುಟ್ಟಲು ಇನ್ನೂ ಐವತ್ತು ವರ್ಷಕ್ಕಿಂತ ಹೆಚ್ಚು ಬಾಕಿ ಇತ್ತು.

ಬರ್ಥೋಲ್ಡನ ಹುಂಜ ಎಳೆಯದು. ಲೋಕ ಕಂಡ ಪ್ರಾಣಿಗೆ ಬೀಜ ತೆಗೆದರೆ ಏನಾಗುತ್ತದೆ? ಇದನ್ನು 1950ರ ದಶಕದಲ್ಲಿ ಅಮೆರಿಕದಲ್ಲಿ ಗಂಡು ಬೆಕ್ಕುಗಳ ಮೇಲೆ ನೋಡಿದರು. ಹೆಣ್ಣಿನ ಸಂಗ ಗೊತ್ತೇ ಇಲ್ಲದ ಬೆಕ್ಕು ಶಸ್ತ್ರಚಿಕಿತ್ಸೆಯ ನಂತರ ಬೇಗ ತಣ್ಣಗಾಯಿತು. ಅನುಭವವಿದ್ದ ಬೆಕ್ಕುಗಳಲ್ಲಿ ಎಷ್ಟೋ ಬಹಳ ಕಾಲ ಹಳೆಯ ಚಾಳಿ ಬಿಡಲಿಲ್ಲ. ರಕ್ತದಲ್ಲಿ ಹಾರ್ಮೋನು ಇಲ್ಲ, ಆದರೆ ಮಿದುಳಿಗೆ ಅಭ್ಯಾಸ ಆಗಿಹೋಗಿದೆ.

ಇನ್ನೊಂದು ದೊಡ್ಡ ತಿರುವು ಬಂದದ್ದು 1959ರಲ್ಲಿ, ಕ್ಯಾನ್ಸಸ್ ವಿಶ್ವವಿದ್ಯಾಲಯದ ಗಿನಿಯಿಲಿಗಳಿಂದ. ಬಸುರಿ ಗಿನಿಯಿಲಿಗೆ ಟೆಸ್ಟೋಸ್ಟೆರಾನ್ ಕೊಟ್ಟರು. ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ ಅವಕ್ಕೆ ಹೆಣ್ಣಿನ ಹಾರ್ಮೋನು ಚುಚ್ಚಿದರೂ ಹೆಣ್ಣು ಕೂಡುವಾಗ ತೋರುವ ನಡತೆ ಸರಿಯಾಗಿ ಬರಲಿಲ್ಲ. ಗಂಡಿನ ಹಾಗೆ ಬೇರೆ ಗಿನಿಯಿಲಿಗಳ ಮೇಲೆ ಏರುವುದು ಜಾಸ್ತಿಯಾಯಿತು. ಇದೇ ಟೆಸ್ಟೋಸ್ಟೆರಾನನ್ನು ಬೆಳೆದ ಹೆಣ್ಣಿಗೆ ಕೊಟ್ಟರೆ ಇಂಥ ಶಾಶ್ವತ ಬದಲಾವಣೆ ಆಗುವುದಿಲ್ಲ. ಗರ್ಭದಲ್ಲಿದ್ದಾಗ ಹಾರ್ಮೋನು ಮಿದುಳಿನ ಕಟ್ಟಡವನ್ನೇ ಕಟ್ಟುತ್ತದೆ, ದೊಡ್ಡವರಾದ ಮೇಲೆ ಕಟ್ಟಿದ್ದನ್ನು ಬಳಸುತ್ತದೆ. ಸಮಯ ತಪ್ಪಿದರೆ ಅದೇ ಹಾರ್ಮೋನು ಅದೇ ಕೆಲಸ ಮಾಡಲಾರದು.

ಇಲ್ಲೊಂದು ತಮಾಷೆ ಇದೆ. ಇಲಿಗಳಲ್ಲಿ ಗಂಡು ಮಿದುಳನ್ನು ರೂಪಿಸುವುದು ಬಹುಮಟ್ಟಿಗೆ ಈಸ್ಟ್ರೊಜೆನ್! ವೃಷಣದಿಂದ ಬಂದ ಟೆಸ್ಟೋಸ್ಟೆರಾನನ್ನು ಮಿದುಳಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೊಜೆನ್ ಆಗಿ ಬದಲಿಸುತ್ತದೆ, ಅದು ಕೆಲಸ ಮಾಡುತ್ತದೆ. ಹಾಗಾದರೆ ತಾಯಿಯ ಈಸ್ಟ್ರೊಜೆನ್ ಹೆಣ್ಣುಮರಿಗಳನ್ನೂ ಗಂಡಾಗಿಸಬೇಕಿತ್ತಲ್ಲ? ಮರಿಗಳ ರಕ್ತದಲ್ಲಿರುವ ಒಂದು ಪ್ರೋಟೀನು ಆ ಈಸ್ಟ್ರೊಜೆನನ್ನು ಹಿಡಿದಿಟ್ಟು ಮಿದುಳಿಗೆ ಹೋಗದಂತೆ ತಡೆಯುತ್ತದೆ. ಮನುಷ್ಯರಲ್ಲಿ ಈ ದಾರಿಗಿಂತ ಟೆಸ್ಟೋಸ್ಟೆರಾನ್ ನೇರವಾಗಿ ಮಾಡುವ ಕೆಲಸವೇ ಮುಖ್ಯ ಅಂತ ಕಾಣುತ್ತದೆ.

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವ ಹಾಗಿಲ್ಲ. ಆದರೆ ಪ್ರಕೃತಿಯೇ ಕೆಲವೊಮ್ಮೆ ಹಾಗೆ ಮಾಡಿರುತ್ತದೆ. ಹುಟ್ಟಿನಿಂದಲೇ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಕಿಣ್ವದ ಕೊರತೆ ಇದ್ದರೆ, ಹೆಣ್ಣುಮಗು ಗರ್ಭದಲ್ಲೇ ಜಾಸ್ತಿ ಗಂಡು ಹಾರ್ಮೋನಿಗೆ ಒಡ್ಡಿಕೊಳ್ಳುತ್ತದೆ. ಈ ಹುಡುಗಿಯರು ಸರಾಸರಿಯಲ್ಲಿ ಕಾರು, ಲಾರಿಯಂಥ ಆಟಿಕೆಗಳ ಕಡೆ ಹೆಚ್ಚು ವಾಲುತ್ತಾರೆ. ಹೆಚ್ಚಿನವರು ತಮ್ಮನ್ನು ಹೆಣ್ಣು ಅಂತಲೇ ತಿಳಿದು ಬೆಳೆಯುತ್ತಾರೆ. ಒಲವು ಸ್ವಲ್ಪ ಸರಿಯುತ್ತದೆ, ವ್ಯಕ್ತಿ ಬೇರೆಯಾಗುವುದಿಲ್ಲ.

ಹಾಗಂತ ಬೆಳೆದ ಮಿದುಳು ಕಲ್ಲು ಅಂದುಕೊಳ್ಳಬೇಡಿ. ಫರ್ನಾಂಡೊ ನಾಟೆಬೋಮ್ ಎಂಬ ವಿಜ್ಞಾನಿ ಕ್ಯಾನರಿ ಹಕ್ಕಿಗಳ ಮಿದುಳನ್ನು ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ಅಳೆದ. ಗಂಡು ಹಾಡುವ ವಸಂತದಲ್ಲಿ, ಹಾಡಿಗೆ ಬೇಕಾದ ಒಂದು ಭಾಗ ಶರತ್ಕಾಲಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ದೊಡ್ಡದಿತ್ತು. ಹೆಣ್ಣು ಕ್ಯಾನರಿಗೆ ಟೆಸ್ಟೋಸ್ಟೆರಾನ್ ಕೊಟ್ಟರೆ ಅದೂ ಗಂಡಿನ ಹಾಗೆ ಹಾಡತೊಡಗುತ್ತದೆ. ಇದೇ ಕೆಲಸದಿಂದ ಬೆಳೆದ ಹಕ್ಕಿಯ ಮಿದುಳಿನಲ್ಲೂ ಹೊಸ ನರಕೋಶ ಹುಟ್ಟುತ್ತವೆ ಅನ್ನುವುದು 1980ರ ದಶಕದಲ್ಲಿ ಸಾಬೀತಾಯಿತು. ಅಲ್ಲಿಯವರೆಗೆ ಅದನ್ನು ನಂಬುವವರು ಕಮ್ಮಿ ಇದ್ದರು.

ಗಂಡಸರ ಸಿಟ್ಟಿನ ಲೆಕ್ಕ

ಟೆಸ್ಟೋಸ್ಟೆರಾನ್ ಜಾಸ್ತಿಯಾದರೆ ಮನುಷ್ಯ ಹೊಡೆದಾಟಕ್ಕೆ ನಿಲ್ಲುತ್ತಾನೆ ಅನ್ನುವುದು ಬಲವಾದ ನಂಬಿಕೆ. ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಂಡಸರಿಗೆ ವಾರಕ್ಕೆ 600 ಮಿಲಿಗ್ರಾಂವರೆಗೆ ಟೆಸ್ಟೋಸ್ಟೆರಾನ್ ಚುಚ್ಚಿದರು. ಇದು ಮಾಮೂಲಿ ಚಿಕಿತ್ಸೆಯ ಡೋಸಿಗಿಂತ ಹಲವು ಪಟ್ಟು. ಪ್ರಯೋಗ ಪೂರ್ತಿ ಮಾಡಿದ 50 ಜನರಲ್ಲಿ 42 ಜನರಿಗೆ ಮನಸ್ಸಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆರು ಜನರಿಗೆ ಸ್ವಲ್ಪ ಉನ್ಮಾದದ ಲಕ್ಷಣ ಬಂತು. ಇಬ್ಬರಿಗೆ ಜೋರಾಗಿಯೇ ಬಂತು. ಜಿಮ್‌ಗಳಲ್ಲಿ ಕದ್ದು ಚುಚ್ಚಿಕೊಳ್ಳುವವರು ಇದಕ್ಕಿಂತ ಜಾಸ್ತಿ, ಅದೂ ಎರಡು ಮೂರು ಔಷಧಿ ಬೆರೆಸಿ ತೆಗೆದುಕೊಳ್ಳುವುದುಂಟು, ಅಲ್ಲಿನ ಅಪಾಯ ಬೇರೆ. ಆದರೂ ಆ 42 ಮತ್ತು 2ರ ನಡುವಿನ ಅಂತರ ನೋಡಿ. ಒಂದೇ ಮದ್ದು, ಬೇರೆ ಬೇರೆ ಮಿದುಳು.

2010ರ ಜ್ಯೂರಿಕ್ ಪ್ರಯೋಗ ನನಗೆ ಇನ್ನೂ ಇಷ್ಟ. ಇಬ್ಬರ ನಡುವೆ ದುಡ್ಡು ಹಂಚುವ ಆಟ. ಒಬ್ಬಳು ಪಾಲು ಹೇಳುತ್ತಾಳೆ. ಇನ್ನೊಬ್ಬಳು ಒಪ್ಪಿದರೆ ಇಬ್ಬರಿಗೂ ದುಡ್ಡು, ಒಪ್ಪದಿದ್ದರೆ ಇಬ್ಬರಿಗೂ ಇಲ್ಲ. ನೂರಕ್ಕೂ ಹೆಚ್ಚು ಹೆಂಗಸರಲ್ಲಿ ಕೆಲವರಿಗೆ ಆಟಕ್ಕೆ ಮೊದಲು ಅರ್ಧ ಮಿಲಿಗ್ರಾಂ ಟೆಸ್ಟೋಸ್ಟೆರಾನ್, ಉಳಿದವರಿಗೆ ಅದರ ಹಾಗೇ ಕಾಣುವ ಸುಳ್ಳು ಮದ್ದು. ನಿಜವಾಗಿ ಟೆಸ್ಟೋಸ್ಟೆರಾನ್ ಸಿಕ್ಕವರು ಹೆಚ್ಚು ನ್ಯಾಯವಾದ ಪಾಲು ಹೇಳಿದರು. ಆದರೆ ತಮಗೆ ಟೆಸ್ಟೋಸ್ಟೆರಾನ್ ಸಿಕ್ಕಿದೆ ಅಂತ *ನಂಬಿದವರು*, ಸಿಕ್ಕಿರಲಿ ಬಿಡಲಿ, ಕಂಜೂಸ್ ಪಾಲು ಹೇಳಿದರು. ಆ ಆಟದಲ್ಲಿ ಮರ್ಯಾದೆ ಉಳಿಯುವುದು ಎದುರಿನವಳು ಒಪ್ಪಿದರೆ ಮಾತ್ರ. ಟೆಸ್ಟೋಸ್ಟೆರಾನ್ ಎತ್ತಿ ಹಿಡಿಯುವುದು ಸ್ಥಾನಮಾನದ ಆಸೆಯನ್ನು ಅಂತ ಸಂಶೋಧಕರು ಇದನ್ನು ಓದುತ್ತಾರೆ. ಸ್ಥಾನ ಸಿಗುವುದು ಕೊಂಬು ಹಾಯುವುದರಿಂದಾದರೆ ಕೊಂಬು ಹಾಯುತ್ತಾರೆ, ದಾನದಿಂದಾದರೆ ದಾನ.

ಬೆಂಗಳೂರಿನ ಇಲಿಗಳು

ಈಗ ಕಾರ್ಟಿಸಾಲ್. ಇದನ್ನು ಒತ್ತಡದ ಹಾರ್ಮೋನು ಅಂತ ಕರೆದು ಕೆಟ್ಟ ಹೆಸರು ಕೊಟ್ಟಿದ್ದೇವೆ. ಇದಿಲ್ಲದೆ ಮನುಷ್ಯ ಬದುಕಲಾರ. ಬೆಳಿಗ್ಗೆ ಏಳುವ ಹೊತ್ತಿಗೆ ಇದು ಏರಿರುತ್ತದೆ, ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಹೆದರಿಕೆ ಆದಾಗ ಹೈಪೊಥಲಾಮಸ್ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ, ಅಡ್ರಿನಲ್ ಕಾರ್ಟಿಸಾಲ್ ಸುರಿಸುತ್ತದೆ. ಅದೇ ಕಾರ್ಟಿಸಾಲ್ ಮಿದುಳಿಗೆ ಹೋಗಿ "ಸಾಕು" ಅನ್ನುತ್ತದೆ. ಮಿದುಳಿನಲ್ಲಿ ಇದಕ್ಕೆ ಎರಡು ಬಗೆಯ ರಿಸೆಪ್ಟರ್ ಇವೆ. ಒಂದು, ಸ್ವಲ್ಪ ಕಾರ್ಟಿಸಾಲ್ ಇದ್ದರೂ ಹಿಡಿದುಕೊಳ್ಳುತ್ತದೆ. ಇನ್ನೊಂದಕ್ಕೆ ಸುಮಾರು ಹತ್ತು ಪಟ್ಟು ಬೇಕು. ಹಾಗಾಗಿ ಮಾಮೂಲಿ ದಿನದಲ್ಲಿ ಮೊದಲನೆಯದೇ ಕೆಲಸ ಮಾಡುತ್ತದೆ, ಗಾಬರಿಯ ಹೊತ್ತಿನಲ್ಲಿ ಎರಡನೆಯದೂ ಸೇರಿಕೊಳ್ಳುತ್ತದೆ.

ಪರೀಕ್ಷಾ ಹಾಲಿನಲ್ಲಿ ಓದಿದ್ದೆಲ್ಲ ಮರೆತುಹೋಗುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ. ಕಲಿಯುವ ಹೊತ್ತಿನಲ್ಲಿ ಸ್ವಲ್ಪ ಕಾರ್ಟಿಸಾಲ್ ಇದ್ದರೆ ನೆನಪು ಗಟ್ಟಿಯಾಗುತ್ತದೆ. ಕಲಿತದ್ದನ್ನು ನೆನಪಿಸಿಕೊಳ್ಳುವ ಹೊತ್ತಿನಲ್ಲಿ ಅದು ಏರಿದರೆ ಅಡ್ಡ ಬರುತ್ತದೆ. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಪದಗಳ ಪಟ್ಟಿ ಕಲಿತವರಿಗೆ ಪರೀಕ್ಷೆಗೆ ಒಂದು ಗಂಟೆ ಮೊದಲು ದೇಹದಲ್ಲಿ ಕಾರ್ಟಿಸಾಲ್ ಆಗಿ ಬದಲಾಗುವ ಕಾರ್ಟಿಸೋನ್ 25 ಮಿಲಿಗ್ರಾಂ ಕೊಟ್ಟಾಗ ಅವರಿಗೆ ನೆನಪಾದ ಪದಗಳು ಕಡಿಮೆಯಾದವು.

ಮಿದುಳಿನಲ್ಲಿ ಈ ಹಾರ್ಮೋನು ಹೋಗಿ ನಿಲ್ಲುವ ಜಾಗ ಹಿಪೊಕ್ಯಾಂಪಸ್ ಅಂತ 1968ರಲ್ಲಿ ತೋರಿಸಿದ್ದು ನ್ಯೂಯಾರ್ಕಿನ ಬ್ರೂಸ್ ಮೆಕ್‌ಎವೆನ್. ಒತ್ತಡ ಬಹಳ ದಿನ ನಡೆದರೆ ಅಲ್ಲಿನ ನರಕೋಶಗಳ ಕವಲುಗಳು ಮೊಟಕಾಗುತ್ತವೆ ಅನ್ನುವುದೂ ಆಮೇಲೆ ಗೊತ್ತಾಯಿತು. ಹಾಗಾದರೆ ಮಿದುಳೆಲ್ಲ ಹೀಗೇ ಕುಗ್ಗುತ್ತದಾ? ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟರ್ಜಿಯವರ ತಂಡ, ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್ ಅವರ ಜೊತೆ ಸೇರಿ, ಈ ಪ್ರಶ್ನೆಯನ್ನು ಅಮಿಗ್ಡಲಾಕ್ಕೆ ಕೇಳಿತು.

ಇಲಿಯನ್ನು ದಿನಕ್ಕೆ ಎರಡು ಗಂಟೆ ಅಲುಗಾಡದ ಹಾಗೆ ಹಿಡಿದಿಡುತ್ತಾರೆ. ಹೀಗೆ ಹತ್ತು ದಿನ. ಆಮೇಲೆ ನೆಲದಿಂದ ಎತ್ತರದಲ್ಲಿರುವ, ಕೂಡಿಸು ಚಿಹ್ನೆಯ ಆಕಾರದ ಹಲಗೆ ಮೇಲೆ ಬಿಡುತ್ತಾರೆ. ಅದರ ಎರಡು ತೋಳಿಗೆ ಗೋಡೆ ಇದೆ, ಎರಡಕ್ಕೆ ಇಲ್ಲ. ಧೈರ್ಯದ ಇಲಿ ಗೋಡೆ ಇಲ್ಲದ ಕಡೆಗೂ ಹೋಗಿ ಮೂಸಿ ಬರುತ್ತದೆ. ಆತಂಕದ ಇಲಿ ಗೋಡೆ ಬಿಟ್ಟು ಕದಲುವುದಿಲ್ಲ. ಕೊನೆಗೆ ಮಿದುಳನ್ನು ತೆಳುವಾಗಿ ಕತ್ತರಿಸಿ, ಅಲ್ಲೊಂದು ಇಲ್ಲೊಂದು ನರಕೋಶ ಮಾತ್ರ ಪೂರ್ತಿ ಕಪ್ಪಾಗಿ ಕಾಣುವಂಥ ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಒಂದೊಂದು ಕವಲನ್ನೂ ಅಳೆಯುತ್ತಾರೆ.

2002ರಲ್ಲಿ ಬಂದ ಫಲಿತಾಂಶ ಯಾರೂ ನಿರೀಕ್ಷಿಸಿದ್ದಲ್ಲ. ಹಿಪೊಕ್ಯಾಂಪಸ್‌ನಲ್ಲಿ ಕವಲು ಮೊಟಕಾಗಿತ್ತು. ಅಮಿಗ್ಡಲಾದಲ್ಲಿ ಉದ್ದವಾಗಿ ಬೆಳೆದಿತ್ತು! ಒಂದೇ ಇಲಿ, ಒಂದೇ ಒತ್ತಡ. ನೆನಪಿನ ಜಾಗ ಸೊರಗಿತು, ಭಯದ ಜಾಗ ಸೊಂಪಾಯಿತು. ಎರಡು ವರ್ಷದ ನಂತರ ಇನ್ನೊಂದು ವರದಿ. ಇಲಿಗಳನ್ನು 21 ದಿನ ಆರಾಮಾಗಿ ಬಿಟ್ಟರೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲಾ ಹಾಗೇ ಉಳಿಯಿತು, ಆತಂಕವೂ ಉಳಿಯಿತು. "ಎಲ್ಲಾ ಮುಗಿದು ಎಷ್ಟು ದಿನ ಆಯ್ತು, ಇನ್ನೂ ಯಾಕೆ ಹೆದರ್ತೀಯ" ಅಂತ ಕೇಳುವವರು ಈ ಇಲಿಗಳನ್ನು ಒಮ್ಮೆ ನೆನೆಯಬೇಕು.

2005ರಲ್ಲಿ ಮತ್ತೊಂದು. ಇಲಿಯನ್ನು ಒಂದೇ ಒಂದು ಸಲ ಎರಡು ಗಂಟೆ ಹಿಡಿದಿಟ್ಟರು. ಮರುದಿನ ಅಮಿಗ್ಡಲಾದಲ್ಲಿ ಏನೂ ಇಲ್ಲ. ಹತ್ತನೇ ದಿನ ನೋಡಿದರೆ ನರಕೋಶಗಳ ಮೇಲೆ ಹೊಸ ಕೊಂಡಿಗಳು ಮೊಳೆತಿವೆ, ಇಲಿಗೆ ಆತಂಕ ಶುರುವಾಗಿದೆ. ಅಪಘಾತವಾದವರಿಗೆ ಆಸ್ಪತ್ರೆಯಲ್ಲಿ ಏನೂ ಆಗದೆ, ಮನೆಗೆ ಬಂದು ವಾರಗಳಾದ ಮೇಲೆ ರಾತ್ರಿ ಬೆಚ್ಚಿಬೀಳುವುದು ಶುರುವಾಗುತ್ತದಲ್ಲ, ಆ ತಡವನ್ನು ಅರ್ಥ ಮಾಡಿಕೊಳ್ಳಲು ಇದೊಂದು ದಾರಿ.

ಇಷ್ಟಾದ ಮೇಲೆ ತಪ್ಪೆಲ್ಲ ಹಾರ್ಮೋನಿನದು ಅನ್ನಬಹುದಲ್ಲ? ಒತ್ತಡವೇ ಇಲ್ಲದೆ ಬರೀ ಹಾರ್ಮೋನನ್ನು ಒಂದೇ ಸಲ ದೊಡ್ಡ ಡೋಸಿನಲ್ಲಿ ಚುಚ್ಚಿದಾಗಲೂ ಸುಮಾರು ಹನ್ನೆರಡು ದಿನದ ಮೇಲೆ ಅಮಿಗ್ಡಲಾ ಬೆಳೆದದ್ದು 2008ರಲ್ಲಿ ಕಂಡಿತ್ತು. ಆದರೆ 2012ರಲ್ಲಿ ಬೆಂಗಳೂರಿನ ತಂಡ ಒತ್ತಡಕ್ಕೆ ಮೊದಲೇ ಇಲಿಗಳಿಗೆ ಅದೇ ಹಾರ್ಮೋನು ಕೊಟ್ಟು ನೋಡಿತು. ಹತ್ತು ದಿನದ ಮೇಲೆ ಬರಬೇಕಿದ್ದ ಆ ಬೆಳವಣಿಗೆ ಬರಲಿಲ್ಲ, ಆತಂಕವೂ ಬರಲಿಲ್ಲ. ಹಾರ್ಮೋನು ಇಲ್ಲಿ ಕಾಪಾಡಿತು. ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನವೂ ಇದೇ ದಿಕ್ಕಿನದು. ರಕ್ತದ ಸೋಂಕಿನಿಂದ ಐಸಿಯುನಲ್ಲಿ ಸಾವಿನ ಅಂಚಿಗೆ ಹೋಗಿದ್ದವರಲ್ಲಿ, ಹೈಡ್ರೊಕಾರ್ಟಿಸೋನ್, ಅಂದರೆ ಔಷಧಿ ರೂಪದ ಕಾರ್ಟಿಸಾಲ್, ಪಡೆದವರಿಗೆ ಆಮೇಲೆ ಮಾನಸಿಕ ಆಘಾತದ ಕಾಯಿಲೆ ಕಾಡಿದ್ದು ಕಡಿಮೆ. ಎಷ್ಟು ಅನ್ನುವುದರ ಜೊತೆಗೆ ಯಾವಾಗ ಅನ್ನುವುದನ್ನೂ ಕೇಳಬೇಕು.

ಮಾತ್ರೆ ರೂಪದ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಉಬ್ಬಸ, ಸಂಧಿವಾತ, ಚರ್ಮದ ಕಾಯಿಲೆಗೆ ಪ್ರೆಡ್ನಿಸೋಲೋನ್ ಶುರು ಮಾಡಿದವರು ಮೊದಲ ವಾರದಲ್ಲೇ "ರಾತ್ರಿ ನಿದ್ದೆ ಇಲ್ಲ, ಮಾತು ಜಾಸ್ತಿ, ಸುಮ್ಮಸುಮ್ಮನೆ ಸಿಟ್ಟು" ಅನ್ನುವುದುಂಟು. ಕೆಲವರಿಗೆ ಅತಿಯಾದ ಹುರುಪು. ಅಪರೂಪಕ್ಕೆ ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ. 1972ರ ಬಾಸ್ಟನ್ ಅಧ್ಯಯನದಲ್ಲಿ ದಿನಕ್ಕೆ 40 ಮಿಲಿಗ್ರಾಂ ಅಥವಾ ಕಡಿಮೆ ಪ್ರೆಡ್ನಿಸೋನ್ ತೆಗೆದುಕೊಂಡವರಲ್ಲಿ ಶೇ. 1.3 ಜನರಿಗೆ ಮಾನಸಿಕ ತೊಂದರೆ ಆಗಿತ್ತು. 80 ದಾಟಿದವರಲ್ಲಿ ಅದು ಶೇ. 18.4. ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳಿ ಅಂತ ಡಾಕ್ಟರು ಹೇಳುವುದಕ್ಕೆ ನಿದ್ದೆಯೂ ಒಂದು ಕಾರಣ. ತೊಂದರೆ ಆಯಿತು ಅಂತ ಒಂದೇ ಸಲ ನಿಲ್ಲಿಸಬಾರದು. ಹೊರಗಿಂದ ಬರುತ್ತಿದ್ದಾಗ ನಮ್ಮ ಅಡ್ರಿನಲ್ ಕೆಲಸ ಬಿಟ್ಟು ಕೂತಿರುತ್ತದೆ, ಅದು ಎದ್ದೇಳಲು ಸಮಯ ಬೇಕು. ಡಾಕ್ಟರನ್ನು ಕೇಳಿ ಇಳಿಸುತ್ತಾ ಬರಬೇಕು. ಇನ್ನು, ಮಂಡಿನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ತಿಂದು ಎರಡೇ ದಿನದಲ್ಲಿ ನೋವೂ ಹೋಗಿ, ಹಸಿವೂ ಹೆಚ್ಚಿ, ಮನಸ್ಸೂ ಹಗುರಾದರೆ ಖುಷಿಪಡುವ ಮೊದಲು ಅನುಮಾನಿಸಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಸಿಕ್ಕಿಬಿದ್ದಿದೆ.

ಹೆರಿಗೆಯ ಮರುದಿನ

ಪ್ರೊಜೆಸ್ಟರಾನ್ ವಿಷಯ ಬೇರೆಯೇ. 1941ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಿಗೆ ದೊಡ್ಡ ಡೋಸಿನಲ್ಲಿ ಪ್ರೊಜೆಸ್ಟರಾನ್ ಚುಚ್ಚಿದಾಗ ಅವು ಅರಿವಳಿಕೆ ಕೊಟ್ಟ ಹಾಗೆ ಮಲಗಿಬಿಟ್ಟವು. ಜೀನ್ ಚಾಲೂ ಆಗಿ, ಪ್ರೋಟೀನು ತಯಾರಾಗಿ ಆಗುವ ಕೆಲಸ ಇದಲ್ಲ, ಅಷ್ಟು ಬೇಗ. ಕಾರಣ ಸ್ಪಷ್ಟವಾದದ್ದು 1980ರ ದಶಕದಲ್ಲಿ. ಪ್ರೊಜೆಸ್ಟರಾನ್ ದೇಹದಲ್ಲಿ, ಮಿದುಳಿನಲ್ಲೂ, ಅಲೊಪ್ರೆಗ್ನನಲೋನ್ ಎಂಬ ಇನ್ನೊಂದು ಸ್ಟೀರಾಯ್ಡ್ ಆಗುತ್ತದೆ. ಇದು ನರಕೋಶದ ಹೊರಮೈಯಲ್ಲಿರುವ, ಗಾಬಾ ಎಂಬ ತಣ್ಣಗಾಗಿಸುವ ರಾಸಾಯನಿಕದ ರಿಸೆಪ್ಟರ್ ಮೇಲೆ ಕೂರುತ್ತದೆ, ನರಕೋಶ ಶಾಂತವಾಗುತ್ತದೆ. ಆತಂಕಕ್ಕೆ ಕೊಡುವ ಆಲ್‌ಪ್ರಜೋಲಾಮ್ ಮಾತ್ರೆಯೂ, ಹೆಂಡವೂ ತಟ್ಟುವುದು ಇದೇ ರಿಸೆಪ್ಟರನ್ನು.

ಬಸುರಿನಲ್ಲಿ ಪ್ರೊಜೆಸ್ಟರಾನ್ ತಿಂಗಳು ತಿಂಗಳು ಏರುತ್ತಾ ಹೋಗುತ್ತದೆ. ಕೊನೆಕೊನೆಗೆ ಅದನ್ನು ಮಾಡುವುದು ಮಾಸು. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ಅಷ್ಟೂ ಇಳಿದುಹೋಗುತ್ತದೆ. ಅದರ ಜೊತೆಗೆ ಆ ಶಾಂತ ಮಾಡುವ ಸ್ಟೀರಾಯ್ಡ್ ಕೂಡ. ಮನೆ ತುಂಬ ಜನ, ತೊಟ್ಟಿಲು, ಸಿಹಿ. ತಾಯಿಗೆ ಮಾತ್ರ ಮೂರನೇ ದಿನ ಯಾಕೋ ಅಳು. ಅರ್ಧಕ್ಕೂ ಹೆಚ್ಚು ತಾಯಂದಿರಿಗೆ ಹೀಗಾಗುತ್ತದೆ, ಹೆಚ್ಚೆಂದರೆ ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ.

ಆದರೆ ಈ ಇಳಿತ ಎಲ್ಲ ತಾಯಂದಿರಿಗೂ ಆಗುತ್ತದೆ, ಖಿನ್ನತೆ ಎಲ್ಲರಿಗೂ ಬರುವುದಿಲ್ಲ. ಯಾಕೆ? ಅಮೆರಿಕದ ಸಂಶೋಧಕರು 2000ದಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಬಸುರಿಯಲ್ಲದ ಹದಿನಾರು ಹೆಂಗಸರಿಗೆ ಬಸುರಿನ ಮಟ್ಟಕ್ಕೆ ಹತ್ತಿರವಾಗುವಂತೆ ಹಾರ್ಮೋನು ಏರಿಸಿ, ಆಮೇಲೆ ಗೊತ್ತಾಗದ ಹಾಗೆ ನಿಲ್ಲಿಸಿದರು. ಅವರಲ್ಲಿ ಎಂಟು ಜನರಿಗೆ ಹಿಂದಿನ ಹೆರಿಗೆಯ ನಂತರ ಖಿನ್ನತೆ ಬಂದಿತ್ತು. ಆ ಎಂಟರಲ್ಲಿ ಐದು ಜನರ ಮನಸ್ಸು ಮತ್ತೆ ಕುಸಿಯಿತು. ಉಳಿದ ಎಂಟು ಜನರಲ್ಲಿ ಒಬ್ಬರಿಗೂ ಆಗಲಿಲ್ಲ. ಮುಟ್ಟಿನ ಮುಂಚಿನ ತೀವ್ರ ಬೇಸರದ ಬಗ್ಗೆ 1998ರಲ್ಲಿ ನಡೆದ ಕೆಲಸವೂ ಇದನ್ನೇ ತೋರಿಸಿತ್ತು. ರಕ್ತದಲ್ಲಿ ಹಾರ್ಮೋನು ಎಲ್ಲರಿಗೂ ಒಂದೇ ಮಟ್ಟ. ಕೆಲವರ ಮಿದುಳು ಮಾತ್ರ ಅದಕ್ಕೆ ಹಾಗೆ ಸ್ಪಂದಿಸುತ್ತದೆ. ಅದಕ್ಕೇ ಬಾಣಂತಿಯ ರಕ್ತ ಪರೀಕ್ಷೆ ಮಾಡಿಸಿ, "ಹಾರ್ಮೋನ್ ಎಲ್ಲಾ ನಾರ್ಮಲ್ ಇದೆ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಅನ್ನುವ ಮಾತಿಗೆ ಅರ್ಥ ಇಲ್ಲ.

ಈ ತಿಳಿವಳಿಕೆಯಿಂದಲೇ ಹೊಸ ಔಷಧಿಗಳು ಬಂದವು. 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಬ್ರೆಕ್ಸನಲೋನ್ ಅಂದರೆ ಅದೇ ಅಲೊಪ್ರೆಗ್ನನಲೋನ್. ಆಸ್ಪತ್ರೆಯಲ್ಲಿ 60 ಗಂಟೆ ಡ್ರಿಪ್ ಹಾಕಬೇಕಿತ್ತು. 2023ರಲ್ಲಿ ಒಪ್ಪಿಗೆ ಸಿಕ್ಕ ಜುರನಲೋನ್ ಮಾತ್ರೆ ರೂಪದ್ದು, 14 ದಿನದ ಕೋರ್ಸು. ಮಾಮೂಲಿ ಖಿನ್ನತೆಯ ಮಾತ್ರೆಗಳು ಪರಿಣಾಮ ತೋರಲು ವಾರಗಳು ಬೇಕು. ಇವು ಕೆಲವರಿಗೆ ದಿನಗಳಲ್ಲೇ ಹಿಡಿಯುತ್ತವೆ. ಹಾಗಂತ ಹಳೆಯ ಮಾತ್ರೆ, ಆಪ್ತಸಲಹೆ, ಮನೆಯವರ ಒತ್ತಾಸೆ ಇವುಗಳಿಂದ ಗುಣವಾಗುವವರೇ ಬಹಳ ಜನ.

ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದ್ದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೇ ಮನಸ್ಸಿಲ್ಲದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ ಸಲ ಬಾಣಂತಿಗೆ ಇಲ್ಲದ್ದು ಕೇಳಿಸುವುದು, ಮಗು ತನ್ನದಲ್ಲ ಅನ್ನಿಸುವುದು, ಯಾರನ್ನೂ ನಂಬದಿರುವುದು ಆಗುತ್ತದೆ. ಹಳ್ಳಿ ಕಡೆ ಬಾಣಂತಿ ಸನ್ನಿ ಅನ್ನುವುದರಲ್ಲಿ ಇದೂ ಸೇರುತ್ತದೆ. ಇದಕ್ಕೆ ಎರಡು ವಾರ ಕಾಯುವ ಹಾಗಿಲ್ಲ, ಯಂತ್ರ ತಾಯತ ಕಟ್ಟಿಸುತ್ತಾ ಕೂರುವ ಹಾಗೂ ಇಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಇದೆ. ದೂರದ ಊರಿನವರು ಮೊದಲು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.